ಎಡೆಗಿಟ್ಟ ಸ್ವಿಚ್ಚು ಪೆಟ್ಟಿಗೆ

ರೈಲೇ ಇಲ್ಲದ ಕೊಡಗು ರಾಜ್ಯದಲ್ಲಿ, ತಿತಿಮತಿ ಹತ್ತಿರದ ಒಂದು ಎಸ್ಟೇಟ್ ಬಂಗಲೆಯ ಹಜಾರದಲ್ಲಿ ಮಾತ್ರ ರೈಲು ಓಡುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಸೀಮೆಗೆ ಮರಳಿದ ಬಿಳಿ ದೊರೆ ಬಿಟ್ಟುಹೋದ ಆಟದ ರೈಲು. ಅದಕ್ಕೆ ತಂತಿ ಎಳೆದವನು ಫಿಟ್ಟರ್ ಜವರಯ್ಯ.

"ಹಳಿಗೆ ಡೈನಮೋ ಕರೆಂಟು. ಪಾಯಿಂಟಿಗೂ ದೀಪಕ್ಕೂ ಲಾರಿ ಬ್ಯಾಟರಿ. ಎರಡನ್ನೂ ಕೂಡಿಸ್ಬೇಡ ಮಗ, ಪಾಯಿಂಟು ತಿರುಗಿಸಿದೇಟ್ಗೆ ಗಾಡಿ ಮುಗ್ಗರಿಸ್ತದೆ" ಎಂದು ಅವನು ಮಗಳು ಬೆಳ್ಳಿಗೆ ಹೇಳಿಕೊಟ್ಟಿದ್ದ. ಪಾಯಿಂಟೆಂದರೆ ಗಾಡಿಯನ್ನು ಪಕ್ಕದ ಹಳಿಗೆ ಹೊರಳಿಸುವ ಕವಲು.

ಜವರಯ್ಯ ಜ್ವರದಲ್ಲಿ ತೀರಿಕೊಂಡ ಮೇಲೂ, ರೈಲು ನೋಡಿಕೊಳ್ಳುವ ನೆಪದಲ್ಲಿ ತಾಯಿ ಮಗಳು ಬಂಗಲೆಯ ಹಿಂದಿನ ಕೋಣೆಯಲ್ಲೇ ಉಳಿದಿದ್ದರು. ಎಸ್ಟೇಟ್ ಕೊಂಡ ದೇರಪ್ಪ ಮಾತ್ರ ಖಡಾಖಂಡಿತವಾಗಿ ಹೇಳಿ ಕಳಿಸಿದ್ದ: "ಅಮಾವಾಸ್ಯೆ ಮಾರನೇ ದಿನ ಬರ್ತೇನೆ. ಓಡಿದ್ರೆ ಇರಿ. ಇಲ್ಲದಿದ್ರೆ ರೈಲು ಗುಜರಿಗೆ, ಕೋಣೆ ಲೆಕ್ಕ ಬರೆಯೋ ರೈಟರಿಗೆ."

ಅದು ಮಹಾಲಯ ಅಮಾವಾಸ್ಯೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಿಟ್ಟು, ಅವರು ಬಂದು ಮುಟ್ಟಲೆಂದು ಬಾಗಿಲು ಮುಚ್ಚಿ ಕಾಯುವ ದಿನ. ನಿಂಗಮ್ಮ ಗಂಡನಿಗೆ ಮುದ್ದೆ, ಮೀನುಸಾರು, ಬೀಡಿ ಇಟ್ಟಳು. ಸಾಲದೆನಿಸಿ, ಹಜಾರದಿಂದ ಪಾಯಿಂಟಿನ ಸ್ವಿಚ್ಚು ಪೆಟ್ಟಿಗೆಯನ್ನೂ ಬಿಚ್ಚಿ ತಂದಿಟ್ಟಳು.

"ಅವ್ವ, ಅದೇನು ತಿನ್ನೋದಾ?"

"ಅನ್ನಕ್ಕಿಂತ ಅದ್ನೇ ಹೆಚ್ಚು ಮುಟ್ತಿತ್ತು ನಿಮ್ಮಪ್ಪ. ಸುಮ್ಕಿರು."

ಬಾಗಿಲು ಮುಚ್ಚಿದರು. ಹಜಾರದಲ್ಲಿ 'ಟಕ್' ಎಂದಿತು. ಬೆಳ್ಳಿ ಓಡಿಹೋಗಿ ನೋಡಿದಳು. ಪೆಟ್ಟಿಗೆಯೇ ಇಲ್ಲದ ಪಾಯಿಂಟು ಹೊರಳಿಕೊಂಡಿತ್ತು. ಅವಳು ನೋಡುತ್ತಿದ್ದಂತೆ, 'ಟಕ್', ಮತ್ತೆ ನೆಟ್ಟಗಾಯಿತು.

"ಹಲ್ಲಿ ಕಣೆ" ಎಂದಳು ನಿಂಗಮ್ಮ, ಎದ್ದು ಬಾರದೆ.

ಮಾರನೆಯ ಮಧ್ಯಾಹ್ನ ದೇರಪ್ಪ ಕುರ್ಚಿ ಎಳೆದು ಕೂರುವಷ್ಟರಲ್ಲಿ ಬೆಳ್ಳಿ ಪೆಟ್ಟಿಗೆಯನ್ನು ಮತ್ತೆ ಜೋಡಿಸಿದ್ದಳು. ನೇರ ಹಳಿಯ ಮೇಲೆ ದೊರೆ ನಿಲ್ಲಿಸಿಹೋದ ಗೂಡ್ಸ್ ಹಾಗೇ ನಿಂತಿತ್ತು. ಓಡುವ ಗಾಡಿ ಅದಕ್ಕೆ ಬಡಿಯಬಾರದೆಂದರೆ ಪಾಯಿಂಟು ತಿರುಗಲೇಬೇಕು.

"ಎಂತ ಹುಡುಗಿ, ಮುಹೂರ್ತ ನೋಡ್ತೀಯಾ? ಬಿಡು ಗಾಡಿ!"

ಬಿಟ್ಟಳು. ಸ್ವಿಚ್ಚು ಒತ್ತಿದಳು. ಪಾಯಿಂಟು ನಡುಗಿತು, ಹೊರಳಲಿಲ್ಲ. ಆಚೆಯಿಂದ ಯಾರೋ ಹಿಡಿದಂತಿತ್ತು. ಇನ್ನೂ ಬಲವಾಗಿ ಒತ್ತಿದಳು. ತಂತಿಯ ಸುರುಳಿ ಗುಂಯ್‌ಗುಟ್ಟಿ ಸುಟ್ಟ ವಾಸನೆ ಬಂತು. ಅದು ಸುಟ್ಟರೆ ಕೋಣೆಯೂ ಹೋಯಿತು. ಎಡೆಗೆ ಕೊಟ್ಟದ್ದನ್ನು ಕೇಳದೆ ಕಿತ್ತುಕೊಂಡಿದ್ದೇವೆ ಎಂದು ಅವಳಿಗೆ ಆಗ ಹೊಳೆಯಿತು.

ಮೇಜಿನ ಮರೆಯಲ್ಲಿ ಬ್ಯಾಟರಿಯ ತಂತಿ ಕಿತ್ತಳು. "ಅಪ್ಪ, ನೀನೇ ನೋಡ್ಕೋ" ಎಂದು ತುಟಿಯಲ್ಲೇ ಅಂದುಕೊಂಡಳು.

ಟಕ್.

ಗಾಡಿ ಗೂಡ್ಸಿಗೆ ಬೆರಳಷ್ಟು ದೂರದಲ್ಲಿ ಪಕ್ಕದ ಹಳಿಗೆ ಹೊರಳಿತು. ಬ್ಯಾಟರಿಯಿಲ್ಲದ ಸಿಗ್ನಲ್ ಕಂಬದ ಮೇಲೆ ಹಸಿರು ದೀಪ ಹತ್ತಿತು. ಬೆಳ್ಳಿ ಪೆಟ್ಟಿಗೆಯ ಮೇಲೆ ಬರಿದೇ ಕೈಯಿಟ್ಟು ನಿಂತಳು. ಅದರ ಗುಂಡಿ ಬೆಚ್ಚಗಿತ್ತು.

"ಭಲೇ! ಪಳಗಿದ ಕೈ ನಿಂದು. ಇರಿ, ಇಲ್ಲೇ ಇರಿ" ಎಂದು ದೇರಪ್ಪ ಮೀಸೆ ತಿರುವಿದ. "ಭಾನುವಾರ ಬಾಳೆಲೆ ಊರಿಂದ ನೆಂಟರು ಬರ್ತಾರೆ. ಆಗ ಪೆಟ್ಟಿಗೆ ನನ್ನ ಕೈಗೆ ಕೊಡು. ನಾನೇ ಒತ್ತಬೇಕು, ಗೊತ್ತಾಯ್ತಾ?"

'ಆಗಲಿ' ಎನ್ನಲು ಬೆಳ್ಳಿ ಬಾಯಿ ತೆರೆಯುವ ಮೊದಲೇ, ಅವನ ಎದುರಿನ ಕಂಬದ ದೀಪ ಕೆಂಪಾಯಿತು.