ತೋಚ ಅಂದರೆ ಅದೇ

ನಮ್ಮ ಶೆಡ್ಡಿನಲ್ಲಿ ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ಮಷೀನು ತಯಾರಾಗುತ್ತದೆ. ಟ್ರ್ಯಾಕ್ಟರಿನ ಹಿಂದೆ ಕಟ್ಟುವಂಥದ್ದು. ಬೇರಿಂಗು, ಸೀಲು ಎಲ್ಲ ಹೊರಗಿನಿಂದ ಬರುತ್ತವೆ. ಒಂದು ಕಂಪನಿಯದು ಸಿಗದಿದ್ದರೆ ಅದರ ಬದಲಿಗೆ ಯಾರದು ನಡೆಯುತ್ತದೆ ಎಂಬುದಕ್ಕೆ ಒಂದು ಯಾದಿ ಇದೆ. ಅದನ್ನು ಇಟ್ಟವಳು ಶೇಡಬಾಳದ ಸೋನಾಲಿ. ಚಿಕ್ಕೋಡಿಯಲ್ಲಿ ಡಿಪ್ಲೊಮಾ ಮುಗಿಸಿ ನಮ್ಮಲ್ಲಿ ಸೇರಿ ನಾಲ್ಕು ವರ್ಷವಾಯಿತು. ಬದಲಿ ಸೀಲನ್ನು ಅವಳು ಔಷಧದ ಬಾಟಲಿಯಲ್ಲಿ ಎಂಟು ದಿನ ನೆನೆಹಾಕುತ್ತಾಳೆ. ಉಬ್ಬದಿದ್ದರೆ ಮಾತ್ರ ಯಾದಿಯಲ್ಲಿ ಸಹಿ. ಆ ಬಾಟಲಿಗಳಿಗೆ ‘ಸೋನಾಲಿ ಉಪ್ಪಿನಕಾಯಿ’ ಎಂದು ಹೆಸರಿಟ್ಟವನು ನಾನೇ. ಕೆಲಸದವರು ನಗುತ್ತಿದ್ದರು.

ಈ ಸಲ ಬಳ್ಳಿ ಕತ್ತರಿಸುವ ಚಾಟಣಿ ಮುಗಿದು ಹೊಸ ಚಿಗುರು ಬಂದು ಔಷಧದ ಗಡಿಬಿಡಿ ಶುರುವಾದಾಗಲೇ ಪಂಪಿನ ಸೀಲು ಖಾಲಿಯಾದವು. ಕಂಪನಿಯವರು ಮೂರು ವಾರ ತಡೆಯಿರಿ ಎಂದರು. ಐದು ಮಷೀನು ಬರೀ ಸೀಲಿಗಾಗಿ ನಿಂತಿದ್ದವು. ಗಡಿಯಾಚೆಯ ವ್ಯಾಪಾರಿ ಸಂಭಾಜಿಗೆ ಫೋನು ಹಚ್ಚಿದೆ. ಇಪ್ಪತ್ತೈದು-ಮೂವತ್ತೈದು-ಏಳರ ಸೀಲು ಬೇಕಿತ್ತು; ನಮ್ಮ ಕಡೆ ಅಳತೆ ಹೇಳುವುದು ಮರಾಠಿಯಲ್ಲೇ.

“ಪಂಚವೀಸ-ಪಸ್ತೀಸ-ಸಾತ ಐತೇನೊ?”

“ಆಹೆ ನಾ ಮಾಲಕ. ಕಂಪನಿ ದುಸರಿ, ಪಣ ತೋಚ.”

ತೋಚ ಅಂದರೆ ಅದೇ. ಅವನು ಹೇಳಿದ್ದು ಕಂಪನಿ ಬೇರೆಯಾದರೂ ಅಳತೆ ಅದೇ ಎಂದು. ನಾನು ಕೇಳಿಸಿಕೊಂಡದ್ದು ಸೀಲೇ ಅದೇ ಎಂದು. ರಬ್ಬರು ಯಾವುದು ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

“ಕಾಕಾ, ಎಂಟ ದಿನ ಕೊಡ್ರಿ,” ಎಂದಳು ಸೋನಾಲಿ. “ಅಳತಿ ಒಂದ ಇದ್ರ ಆಗೂದಿಲ್ಲ, ರಬ್ಬರ ಬ್ಯಾರೆ ಇರಬಹುದು.”

“ನಿನ್ನ ಉಪ್ಪಿನಕಾಯಿ ಕಳಿಯೂತನಕ ಮಂದಿ ಬಳ್ಳಿ ರೋಗ ಬಿದ್ದ ಹೋಗ್ತಾವ ಬೇ!”

ಅವಳು ಊಟಕ್ಕೆ ಹೋದಾಗ ಯಾದಿ ಎಳೆದುಕೊಂಡು, ಅವಳು ಸಹಿ ಹಾಕುವ ಜಾಗದಲ್ಲಿ ‘ತೋಚ’ ಎಂದು ಬರೆದೆ. ಸಂಜೆಯೊಳಗೆ ಐದೂ ಮಷೀನಿಗೆ ಸೀಲು ಕೂಡಿಸಿ ಕಳಿಸಿದೆವು. ಸೋನಾಲಿ ಬೇಡವೆಂದಳು. ನಾನು ಗದರಿದೆ.

ಹನ್ನೊಂದನೆಯ ದಿನ, ಆ ಐದರಲ್ಲಿ ಒಂದು ಮಷೀನು ಒಯ್ದಿದ್ದ ಐನಾಪುರದ ಬಾಳಾಸಾಬ ಫೋನು ಮಾಡಿದ. ಸೋನಾಲಿಯನ್ನು ಗಾಡಿಯಲ್ಲಿ ಕರೆದುಕೊಂಡು ಅವನ ತೋಟಕ್ಕೆ ಹೋದೆ. ಸೀಲು ಉಬ್ಬಿ ಹರಿದು, ಟ್ರ್ಯಾಕ್ಟರು ಹೊಡೆಯುತ್ತಿದ್ದ ಬೀರದೇವನ ಬೆನ್ನ ಮೇಲೆ ಔಷಧ ಸಿಡಿದಿತ್ತು. ಅವನು ಅಂಗಿ ತೆಗೆದು ಕೂತಿದ್ದ. ಕುತ್ತಿಗೆಯಿಂದ ಸೊಂಟದತನಕ ಗುಳ್ಳೆ ಎದ್ದಿದ್ದವು. ಬಾಳಾಸಾಬನ ಹೆಂಡತಿ ಮಲಕವ್ವ ಕೊಡಗಟ್ಟಲೆ ನೀರು ಹಾಕುತ್ತಿದ್ದಳು. ಅಕ್ಕಪಕ್ಕದ ತೋಟದವರೂ ನೆರೆದಿದ್ದರು.

“ಇದನ್ನ ಪಾಸ್ ಮಾಡಿದವ್ರು ಯಾರ್ರಿ?” ಎಂದಳು ಮಲಕವ್ವ.

“ಈಕಿನ!” ಎಂದೆ. “ಯಾದಿ ಈಕಿದು. ಕಣ್ಣ ಮುಚ್ಚಿ ಸಹಿ ಹಾಕ್ತಾಳ. ಡಿಪ್ಲೊಮಾ ಅಂತ ಡಿಪ್ಲೊಮಾ!”

ಇನ್ನೂ ಅಂದೆ. ಅದನ್ನೆಲ್ಲ ಇಲ್ಲಿ ಬರೆಯಲಾರೆ. ಬೈಯುವಾಗ ‘ತೋಚ’ ಎಂದು ಬರೆದವನು ನಾನೇ ಎಂಬುದು ನನಗೆ ಮರೆತುಹೋಗಿತ್ತು ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ನೆನಪಿದ್ದದ್ದಕ್ಕೇ ದನಿ ಅಷ್ಟು ಏರಿತು. ಸೋನಾಲಿ ಹರಿದ ಸೀಲು ಬಿಚ್ಚಿ ಕಾಗದದಲ್ಲಿ ಸುತ್ತಿಕೊಂಡು, ಹೋಗಿ ಗಾಡಿಯಲ್ಲಿ ಕೂತಳು. ಬೀರದೇವನನ್ನು ಬಾಳಾಸಾಬ ದವಾಖಾನೆಗೆ ಕರೆದುಕೊಂಡು ಹೋದ.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಬೇಗ ಹೋಗಿ ಯಾದಿ ತೆಗೆದೆ. ನನ್ನ ಅಕ್ಷರ ಯಾರಿಗೂ ಮೋಸ ಮಾಡುವಂಥದ್ದಲ್ಲ, ಏಳನೇ ಇಯತ್ತೆಯ ಹುಡುಗನ ಅಕ್ಷರದಂತೆ ದಪ್ಪ. ಹಾಳೆ ಹರಿಯಬಹುದಿತ್ತು. ಹರಿಯಲು ಹಿಡಿದೂ ನೋಡಿದೆ. ಆಮೇಲೆ ಯಾದಿ ಬಗಲಲ್ಲಿ ಇಟ್ಟುಕೊಂಡು ಒಬ್ಬನೇ ಐನಾಪುರಕ್ಕೆ ಹೋದೆ.

ಬೀರದೇವ ಮುಲಾಮು ಹಚ್ಚಿಸಿಕೊಂಡು ಬೋರಲು ಮಲಗಿದ್ದ. ಬಾಳಾಸಾಬನೂ ಮಲಕವ್ವನೂ ಪಕ್ಕದಲ್ಲಿದ್ದರು.

“ತಪ್ಪ ಆಕಿದಲ್ಲ, ನಂದ,” ಎಂದೆ.

ಬಾಳಾಸಾಬ ನನ್ನ ಭುಜ ತಟ್ಟಿದ. “ಗೊತ್ತೈತಿ ಬಿಡೊ ವಿರುಪಾಕ್ಷಪ್ಪ. ನಿನ್ನೆ ಸಿಟ್ಟಿಗೆ ಅಂದಿ, ಇವತ್ತ ಪೋರಿ ಹೆಸರ ಉಳಸಾಕ ಬಂದಿ. ದೊಡ್ಡ ಮನಸ ನಿಂದು.”

“ಹಿಂಥಾ ಮಾಲಕ ಎಲ್ಲಿ ಸಿಗಬೇಕ್ರಿ,” ಎಂದಳು ಮಲಕವ್ವ.

ಯಾದಿಯನ್ನು ಇನ್ನೊಂದು ಗಳಿಗೆ ಬಗಲಲ್ಲೇ ಇಟ್ಟುಕೊಂಡೆ. ಆ ಹೊಗಳಿಕೆ ಹಿತವಾಗಿತ್ತು. ಇದನ್ನು ಹೇಳಲು ಉಳಿದದ್ದಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ. ಆಮೇಲೆ ಯಾದಿ ಬಿಚ್ಚಿ ಆ ಸಾಲಿನ ಮೇಲೆ ಬೆರಳಿಟ್ಟೆ. ಬಾಳಾಸಾಬ ಓದಿದ. ಭುಜದ ಮೇಲಿದ್ದ ಕೈ ತೆಗೆದ.

“ಉಳದ ನಾಕ ಮಷೀನ ಎಲ್ಲಿ ಅದಾವ?” ಎಂದು ಕೇಳಿದ.

ಅವು ನನ್ನ ತಲೆಗೇ ಬಂದಿರಲಿಲ್ಲ. ಅಲ್ಲಿಂದ ಗಾಡಿ ಓಡಿಸಿದ್ದು ಹೇಗೋ. ಸೋನಾಲಿ ತನ್ನ ಮೇಜಿನ ಮುಂದೆ ಕೂತಿದ್ದಳು.

“ಆ ನಾಕ ಮಂದಿಗೆ—”

“ನಿನ್ನೆ ಗಾಡ್ಯಾಗ ಕುಂತಾಗನ ಫೋನ್ ಮಾಡೀನ್ರಿ. ನಾಕೂ ನಿಂತಾವ.”

“ಏನಂತ ಹೇಳಿದಿ?”

“ಸೀಲ ಪಾಸ್ ಮಾಡೂದ್ರಾಗ ನಂದ ತಪ್ಪ ಆಗೇತಿ ಅಂದೆ.”

“ಯಾಕ? ಬರದಾಂವ ನಾನಂತ ನಿನಗ ಗೊತ್ತಿತ್ತ.”

“ಕಾಕಾ, ನಿಮ್ಮ ಹೆಸರ ಹೇಳಿದ್ರ ಅವ್ರು ನಿಮಗ ಫೋನ್ ಹಚ್ಚತಿದ್ರು. ನೀವು ‘ಏ, ಏನಾಗೂದಿಲ್ಲ, ಹೊಡೀರಿ’ ಅಂತಿದ್ರಿ. ಮಷೀನ ನಿಲ್ಲತಿರಲಿಲ್ಲ.”

ಹಾಗೆ ಅನ್ನುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅನ್ನುತ್ತಿದ್ದೆ. ಅವಳ ಮುಂದಿನ ಕುರ್ಚಿಯಲ್ಲಿ ಕೂತು ನಾಲ್ಕು ನಂಬರು ಇಸಿದುಕೊಂಡೆ. ಮೊದಲನೆಯವನು ಜುಗೂಳದ ಸಿದರಾಯ.

“ಎಂಥಾ ಪೋರಿನ್ನ ಇಟ್ಟಿಯೊ ಮಾರಾಯಾ!” ಎತ್ತಿದ ಕೂಡಲೇ ಶುರು ಮಾಡಿದ. “ಮೊದಲ ಆಕಿನ್ನ ತಗದ ಹಾಕ.”

“ಸಿದರಾಯಾ, ತಡಿ. ಆಕಿ ಬ್ಯಾಡಂದಿದ್ಲು. ಹಾಕಿಸಿದಾಂವ ನಾನು.”

“ಏ, ಆಕಿನ ಬಾಯಿಬಿಟ್ಟ ಹೇಳ್ಯಾಳಲ್ಲೊ!”

“ಆಕಿ ಸುಳ್ಳ ಹೇಳ್ಯಾಳ,” ಎಂದೆ. “ನಿನ್ನ ಬೆನ್ನ ಉಳಸಾಕ.”

ಫೋನು ಇಟ್ಟೆ. ಸೋನಾಲಿ ತಲೆ ಎತ್ತಲಿಲ್ಲ. ಇನ್ನೂ ಮೂರು ನಂಬರು ಇದ್ದವು.