ಸಿಯಾಳ ಹೆಸರು ಕರೆಯುವವರು ಯಾರು?

ನಮ್ಮ ಕಿಸ್ಸಿ ಜನರ ಊರುಗಳಲ್ಲಿ ಹೆಂಗಸು ಸತ್ತರೆ ಹೆಂಗಸರೇ ಮೈ ತೊಳೆದು, ಎಣ್ಣೆ ಸವರಿ, ಹೆಸರು ಹಿಡಿದು ಕರೆದು ಹಿರಿಯರ ಬಳಿಗೆ ಕಳುಹಿಸುತ್ತಾರೆ. ಎಬೋಲಾ ಬಂದ ವರ್ಷ ಹೀಗೆ ತೊಳೆದವರೇ ಒಬ್ಬೊಬ್ಬರಾಗಿ ಕಾಯಿಲೆ ಬಿದ್ದು ಮಲಗಿದರು. ಅವರನ್ನು ದೂರಲು ನನಗಂತೂ ಬಾಯಿ ಬಾರದು. ಪ್ರೀತಿಯಿಂದಲೇ ಮುಟ್ಟಿದ್ದರು ಪಾಪ.

ಫಿಂದಾಳ ಅಕ್ಕ ಸಿಯಾ ಜ್ವರ, ವಾಂತಿಯಿಂದ ನರಳಿ ಪಕ್ಕದ ಮನೆಯಲ್ಲಿ ತೀರಿಕೊಂಡಳು. ಸುದ್ದಿ ಕೇಳಿದ್ದೇ ತಡ, ಫಿಂದಾ ಅಳುತ್ತಲೇ ಒಲೆಯ ಮೇಲೆ ನೀರಿಟ್ಟಳು. ಅಷ್ಟರಲ್ಲಿ ಊರಿನ ಆರೋಗ್ಯ ಕಾರ್ಯಕರ್ತೆ ತೇವಾ ಓಡಿ ಬಂದು ಅಂಗಳದಲ್ಲಿ ಅಡ್ಡ ನಿಂತಳು.

"ಚಿಕ್ಕಮ್ಮ, ಆ ಮನೆಯೊಳಗೆ ಹೋಗ್ಬೇಡ. ಸತ್ತವರ ಮೈಯಿಂದ ಈ ಕಾಯಿಲೆ ಸುಲಭವಾಗಿ ಅಂಟತ್ತೆ. ಹೂಳೋ ತಂಡಕ್ಕೆ ಫೋನ್ ಮಾಡಿದೀನಿ, ಬರ್ತಾ ಇದಾರೆ."

"ಆ ಪ್ಲಾಸ್ಟಿಕ್ ಬಟ್ಟೆಯೋರಾ? ಚೀಲಕ್ಕೆ ತುಂಬಿ ಹೊತ್ಕೊಂಡು ಹೋಗೋಕೆ ನಮ್ಮಕ್ಕ ಏನು ಗೆಣಸೇನೇ? ನಿನ್ನ ಹೆರಿಗೆ ಮಾಡಿಸಿದೋಳು ನಾನು. ನನಗೇ ಬುದ್ಧಿ ಹೇಳೋಕೆ ಬಂದ್ಯಾ?"

"ರೇಡಿಯೋದಲ್ಲಿ ದಿನಾ ಹೇಳ್ತಾರಲ್ಲ..."

"ಇಂಗ್ಲಿಷಲ್ಲಿ ಹೇಳ್ತಾರೆ! ಡಾಕ್ಟರು ಹೇಳ್ತಾರೆ, ಡಾಕ್ಟರೇ ಕೇಳ್ಕೋತಾರೆ. ನಮಗೇನು ಬಂತು?"

"ಈಗ ನಮ್ಮ ಮಾತಲ್ಲೇ ಬರ್ತಿದೆ. ಒಂದ್ಸಲ ಕೇಳು, ಆಮೇಲೆ ಬೇಕಾದ್ರೆ ನನಗೆ ಬಡಿ."

ತೇವಾ ತನ್ನ ಪುಟ್ಟ ರೇಡಿಯೋ ಹಾಕಿದಳು. ಫಾಯಿಯಾ ಎಂಬ ನಿರೂಪಕ ಅಪ್ಪಟ ಕಿಸ್ಸಿ ಭಾಷೆಯಲ್ಲಿ ಮಾತಾಡುತ್ತಿದ್ದ. ಶವ ಮುಟ್ಟಬೇಡಿ, ತೊಳೆಯಬೇಡಿ, ಅವರ ಬಟ್ಟೆ ಹಾಸಿಗೆ ಎತ್ತಬೇಡಿ. ಜ್ವರ ಬಂದವರನ್ನು ಬಚ್ಚಿಡಬೇಡಿ, ಬೇಗ ಆಸ್ಪತ್ರೆಗೆ ಹೋದವರು ಎಷ್ಟೋ ಜನ ಬದುಕಿ ಬಂದಿದ್ದಾರೆ ಎಂದ. ಕೇಳುವುದಿದ್ದರೆ ಫೋನ್ ಮಾಡಿ ಎಂದು ನಂಬರನ್ನೂ ಹೇಳಿದ.

"ಬರೀ ಬೇಡ, ಬೇಡ, ಬೇಡ!" ಫಿಂದಾ ಸಿಡುಕಿದಳು. "ಕೊಡಿಲ್ಲಿ ಫೋನು."

ತೇವಾ ನಂಬರ್ ಒತ್ತಿ ಕೊಟ್ಟಳು. ಫಿಂದಾ ಇಡೀ ಜಿಲ್ಲೆಗೆ ಕೇಳುವಂತೆ ಬೈದಳು. "ಏ ಹುಡುಗಾ, ನಿನ್ನ ತಾಯಿ ಸತ್ರೆ ಹಿಂಗೇ ಬಿಟ್ಬಿಡ್ತೀಯಾ? ಹೆಸರು ಕರೀದೆ ಹೂಳಿದ್ರೆ ನಮ್ಮಕ್ಕ ಹಿರಿಯರ ಹತ್ರ ಹೆಂಗೆ ಹೋಗ್ತಾಳೋ?"

ಫಾಯಿಯಾ ರೇಡಿಯೋದಲ್ಲೇ ಉತ್ತರ ಕೊಟ್ಟ.

"ಅಮ್ಮಾ, ನನ್ನ ತಾಯಿನೂ ಇದೇ ಕಾಯಿಲೆಗೆ ಹೋದ್ಲು. ದೂರ ನಿಂತು ನಾನೇ ಹೆಸರು ಕರೆದೆ. ಮುಟ್ಟೋದು ಬೇಡ ಅಷ್ಟೇ, ಕರೆಯೋಕೆ ಯಾರೂ ಬೇಡ ಅನ್ನಲ್ಲ. ನೀವು ಕರೆದು ಮುಗಿಸೋವರೆಗೂ ತಂಡದೋರು ಕಾಯ್ತಾರೆ. ಬಟ್ಟೆ ಕೊಟ್ರೆ ಹೊದಿಸ್ತಾರೆ. ಕೇಳಿ, ಅದು ನಿಮ್ಮ ಹಕ್ಕು."

ಫಿಂದಾ ಅಲ್ಲೇ ಕೂತು ಮನಸಾರೆ ಅತ್ತಳು. ಆಮೇಲೆ ಎದ್ದು ಕಾದ ನೀರನ್ನು ಚೆಲ್ಲಿದಳು.

ತಂಡ ಬಂದಾಗ ತನಗೆಂದು ಎತ್ತಿಟ್ಟಿದ್ದ ಹೊಸ ಬಿಳಿ ಬಟ್ಟೆಯನ್ನು ಕೊಟ್ಟಳು. ಅವರು ಅದನ್ನು ಸಿಯಾಳಿಗೆ ಹೊದಿಸಿದರು. ಗುಂಡಿಯಿಂದ ದೂರದಲ್ಲಿ ನಿಂತು ಫಿಂದಾ ಅಕ್ಕನ ಹೆಸರನ್ನೂ ಅವ್ವನ, ಅಜ್ಜಿಯ ಹೆಸರನ್ನೂ ಎತ್ತಿ ಕರೆದಳು. ಮುಗಿಯುವವರೆಗೂ ತಂಡದ ಹುಡುಗರು ತಲೆ ಬಾಗಿಸಿ ನಿಂತಿದ್ದರು. ಮೂರು ವಾರ ತೇವಾ ದಿನವೂ ಬಂದು ಮನೆಯವರ ಜ್ವರ ನೋಡಿದಳು. ಯಾರಿಗೂ ಬರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ದುಃಖ ಬರಬಹುದು. ಆಗ ಮೊದಲು ಹೂಳುವ ತಂಡಕ್ಕೆ ತಿಳಿಸಿ. ಅನುಮಾನವಿದ್ದರೆ ರೇಡಿಯೋಗೆ ಫೋನ್ ಮಾಡಿ, ನಿಮ್ಮ ಮಾತಿನಲ್ಲೇ ಕೇಳಿ. ಸಿಟ್ಟು ಬಂದರೆ ಬೈಯಿರಿ, ಬೈಸಿಕೊಳ್ಳುತ್ತಾರೆ. ಶವವನ್ನು ಮಾತ್ರ ಮುಟ್ಟಬೇಡಿ.