ಮೊದಲ ಹೆಗಲು

ದಿವ್ಯಾ ಚಟ್ಟದ ಎರಡನೆಯ ಬಿದಿರಿಗೂ ಕತ್ತಿ ಬೀಸಿದಳು. ಹಸಿ ಬಿದಿರು ಒಂದೇ ಏಟಿಗೆ ತುಂಡಾಗಲಿಲ್ಲ. ಕಾಲಿನಿಂದ ಒತ್ತಿ ಹಿಡಿದು ಮತ್ತೆ ಹೊಡೆದಳು. ಗುಡಿಯ ಜಗುಲಿಯಲ್ಲಿ ಹೂಮಾಲೆ ಕಟ್ಟುತ್ತಿದ್ದವರ ಕೈಗಳು ಅಲ್ಲಲ್ಲೇ ನಿಂತವು.

"ಕಡಿ, ಕಡಿ. ಸಂಜೆ ಬಚ್ಚಲೊಲೆಗೆ ಆಗ್ತದೆ" ಎಂದ ಉಲ್ಲಾಸ. ಅವನು ಅವಳ ದೊಡ್ಡಪ್ಪನ ಮಗ. ಆಗಷ್ಟೇ ಬಾವಿಕಟ್ಟೆಯಲ್ಲಿ ಮಿಂದು ಒದ್ದೆ ಪಂಚೆಯಲ್ಲಿ, ಬರಿಮೈಯಲ್ಲಿ ನಿಂತಿದ್ದ.

"ನಗಾಡ್ಬೇಡ. ಹೋದ ವರ್ಷ ನವೀನಣ್ಣನೂ ಇದೇ ಕಟ್ಟೆ ಹತ್ರ ಹೀಂಗೇ ನಗಾಡ್ತಾ ನಿಂತಿದ್ದ."

ಉಲ್ಲಾಸ ಪಂಚೆಯ ಅಂಚು ಹಿಂಡತೊಡಗಿದ.

ಗುಡಿಯಾಚೆ ಹಲಸಿನ ಮರದ ಬುಡದಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಆ ಊರಿನ ಗಡಿಯೊಳಗೆ ಮಂಗ ಸತ್ತರೆ ಹನುಮಪ್ಪನೇ ದೇಹ ಬಿಟ್ಟಂತೆ. ಅದನ್ನು ಮೀಯಿಸಿ, ಕುಂಕುಮವಿಟ್ಟು, ನಾಲ್ವರು ಹೆಗಲು ಕೊಟ್ಟು, ಡೋಲು ಬಡಿಯುತ್ತ ಒಯ್ದು ಹೂಳಬೇಕು. ಹೋದ ಬೇಸಿಗೆಯಲ್ಲೂ ಹಾಗೇ ಹೂತಿದ್ದರು. ಮೊದಲ ಹೆಗಲು ದಿವ್ಯಾಳ ಅಣ್ಣ ನವೀನನದು. ಸತ್ತ ಮಂಗನನ್ನು ಎಳೆಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮೀಯಿಸಿದವನೂ ಅವನೇ. ವಾರ ಕಳೆಯುವುದರೊಳಗೆ ಜ್ವರ ಏರಿತು, ಆಮೇಲೆ ವಸಡಿನಲ್ಲಿ ರಕ್ತ. ಮಂಗನ ಕಾಯಿಲೆ ಎಂದು ಡಾಕ್ಟರು ಹೇಳುವ ಹೊತ್ತಿಗೆ ಅವನಿಗೆ ತಂಗಿಯ ಗುರುತೇ ಸಿಗುತ್ತಿರಲಿಲ್ಲ.

ಊರು ಬೇರೆಯೇ ಹೇಳಿತು. ಹನುಮಪ್ಪ ತನಗೆ ಬೇಕಾದವನನ್ನು ಜೊತೆಗೆ ಕರೆದುಕೊಂಡು ಹೋದ, ಅಷ್ಟೆ.

ಈ ಮಾತಿನ ಬೇರು ಒಂದು ಹಳೆಯ ಕಥೆಯಲ್ಲಿತ್ತು. ಅಜ್ಜಿ ದ್ಯಾವಮ್ಮ ಮದುವೆಯಾಗಿ ಬಂದ ವರ್ಷ ನಡೆದದ್ದಂತೆ. ಮಂಗನನ್ನು ಹೊತ್ತ ನಾಲ್ವರೂ ಒಬ್ಬರ ಹಿಂದೊಬ್ಬರು ಸತ್ತರು. ಮುಂದೆ ಮುಂದೆ ದೂರದಲ್ಲಿ ಡೋಲು ಬಡಿಯುತ್ತ ಹೋದ ಬೈರ ಮಾತ್ರ ಹಲ್ಲುದುರುವವರೆಗೆ ಬದುಕಿದ. ಡೋಲಿನ ಸದ್ದು ಹನುಮಪ್ಪನಿಗೆ ಮೆಚ್ಚುಗೆಯಾಯಿತು, ಅದಕ್ಕೇ ಬಿಟ್ಟ ಎಂದು ಅಜ್ಜಿ ಹೇಳುತ್ತಿದ್ದಳು. ಹಲಸಿನ ಮರದಡಿ ಈಗಲೂ ಆ ನಾಲ್ವರ ಹೆಜ್ಜೆ ಕೇಳುತ್ತದೆ ಎಂದಾಗ ದಿವ್ಯಾ ಮತ್ತು ನವೀನ ಒಂದೇ ಕಂಬಳಿಯೊಳಗೆ ನುಸುಳಿ, "ಇನ್ನೊಂದ್ಸಲ ಹೇಳಜ್ಜಿ" ಎನ್ನುತ್ತಿದ್ದರು. ತಾನೂ ದೊಡ್ಡವಳಾದ ಮೇಲೆ ಹೆಗಲು ಕೊಡುತ್ತೇನೆ ಎಂದು ದಿವ್ಯಾ ಹಟ ಹಿಡಿದದ್ದೂ ಇತ್ತು. ಹೆಣ್ಣುಮಕ್ಕಳಿಗಿಲ್ಲ ಎಂದಾಗ ಅತ್ತಿದ್ದಳು.

ಬೈರನನ್ನು ಉಳಿಸಿದ್ದು ಡೋಲಲ್ಲ, ಮಂಗನನ್ನು ಮುಟ್ಟದೆ ದೂರ ನಡೆದದ್ದು. ಸತ್ತ ಮೈ ತಣ್ಣಗಾದರೆ ರಕ್ತ ಹೀರಿ ಕಾಯಿಲೆ ಹರಡುವ ಉಣುಗು ಅಲ್ಲಿ ನಿಲ್ಲುವುದಿಲ್ಲ. ಇಳಿದು, ಹತ್ತಿರ ಬಂದವರ ಮೈ ಹತ್ತುತ್ತದೆ. ಅಣ್ಣನನ್ನು ಕಳೆದುಕೊಂಡ ಮೇಲೆ ದಿವ್ಯಾಳಿಗೆ ಇದು ಹೊಳೆಯಿತು. ಉತ್ತರ ಇಷ್ಟು ವರ್ಷ ಕಥೆಯೊಳಗೇ ಕೂತಿತ್ತು. ಊರು ಅದನ್ನು ಮಕ್ಕಳನ್ನು ಹೆದರಿಸಲಿಕ್ಕೆ ಮಾತ್ರ ಬಳಸಿತ್ತು.

ಗುಡಿಯೊಳಗಿಂದ ದೊಡ್ಡಪ್ಪ ಮನೋಹರ ಬಂದರು. ಗುಡಿಯ ಮೊಕ್ತೇಸರರು, ಉಲ್ಲಾಸನ ಅಪ್ಪ.

"ಎಂತ ತಂಗಿ ಇದು? ಈ ಊರಲ್ಲಿ ಬಿದಿರಿಗೆ ಬರವಾ?"

"ಎಷ್ಟು ಬೇಕಾದ್ರೂ ತನ್ನಿ ದೊಡ್ಡಪ್ಪ. ಎಲ್ಲಾ ಕಡೀತೀನಿ. ಸಿದ್ದಾಪುರದ ಆಸ್ಪತ್ರೆಗೆ ಫೋನ್ ಮಾಡಿದೀನಿ. ಅವ್ರು ಬಂದು ಉಣುಗು ಸಾಯೋ ಪುಡಿ ಹೊಡ್ದು ಸುಡ್ತಾರೆ. ಅಲ್ಲೀವರೆಗೆ ಯಾರೂ ಮುಟ್ಟೂದು ಬ್ಯಾಡ."

"ಹನುಮಪ್ಪನ್ನ ಸುಡೂದಾ?" ಹೂ ಕಟ್ಟುತ್ತಿದ್ದ ಸೀತಮ್ಮ ಕೆನ್ನೆಗೆ ಹೊಡೆದುಕೊಂಡಳು.

"ನಮ್ಮಣ್ಣನ್ನ ಸುಡ್ಲಿಲ್ವಾ ಸೀತಮ್ಮ? ಆವತ್ತು ನೀವು ಕೆನ್ನೆಗೆ ಹೊಡ್ಕಂಡದ್ದು ನಾ ಕಾಣ್ಲಿಲ್ಲ."

ಸೀತಮ್ಮ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು.

"ಎಣ್ಣೆ ಹಚ್ಕಂಡೇ ಹೋಗ್ತಾರೆ ಮಾರಾಯ್ತಿ" ಎಂದರು ಮನೋಹರ. "ಉಣುಗು ಹತ್ತದೇ ಇರ್ಲಿ ಅಂತ ಸರ್ಕಾರದವ್ರು ಕೊಟ್ಟದ್ದೇ ಉಂಟಲ್ಲ."

"ಹಚ್ಕಂಡವ್ರನ್ನ ಮಡಿ ಅಂತ ಮತ್ತೆ ಮೀಯ್ಸ್ತೀರಿ, ಎಣ್ಣೆ ತೊಳ್ದು ಹೋಗ್ತದೆ. ಅಣ್ಣ ಬೆಳಿಗ್ಗೆ ನನ್ನೆದುರಿಗೇ ಹಚ್ಕಂಡಿದ್ದ. ಅವನ ತಲೆ ಮೇಲೆ ಕೊಡಪಾನ ಸುರ್ದವ್ರು ಯಾರು?"

ಸುರಿದವರು ಅವರೇ. ಜಗುಲಿಯಲ್ಲಿದ್ದ ಎಲ್ಲರೂ ನೋಡಿದ್ದರು. ಮನೋಹರರ ಕಣ್ಣು ಮಗನ ಒದ್ದೆ ಬೆನ್ನಿನ ಮೇಲೆ ಹೋಗಿ ನಿಂತಿತು. ನೀರು ಇನ್ನೂ ಇಳಿಯುತ್ತಿತ್ತು.

"ಉಲ್ಲಾಸ, ನೀ ಮನೆಗೆ ಹೋಗು. ಅಂಗಿ ಹಾಕ್ಕ."

"ಅಪ್ಪಾ, ಮೊದಲ ಹೆಗಲು ನಂದಲ್ವಾ?"

"ಹೋಗು ಅಂದ್ನಲ್ಲ."

ಉಲ್ಲಾಸ ಹೋದ. ದಿವ್ಯಾ ಕತ್ತಿ ಕೆಳಗಿಳಿಸಿದಳು. ದೊಡ್ಡಪ್ಪನಿಗೆ ಎಲ್ಲವೂ ಗೊತ್ತಿತ್ತು. ಪ್ರಾಯಶಃ ಹೋದ ವರ್ಷವೂ ಗೊತ್ತಿತ್ತು.

ಮನೋಹರ ಹತ್ತಿರ ಬಂದು ದನಿ ಮೆತ್ತಗೆ ಮಾಡಿದರು. "ಇದುವರೆಗೆ ಈ ಊರಲ್ಲಿ ಹೆಣ್ಮಕ್ಕಳನ್ನ ಹೆಗಲು ಕೊಡ್ಲಿಕ್ಕೆ ಬಿಟ್ಟಿಲ್ಲ. ಕಾಲ ಬದಲಾಯ್ತು. ನವೀನನ ಜಾಗ ನಿಂಗೇ ಇರ್ಲಿ ತಂಗಿ, ಮೊದಲ ಹೆಗಲು. ನೀ ಸಣ್ಣಕಿದ್ದಾಗ ಇದಕ್ಕೇ ಅತ್ತದ್ದು ನಂಗೆ ನೆನಪುಂಟು. ಹೂಳೋ ಜಾಗದಲ್ಲಿ ಅವನ ಹೆಸರಿನ ಕಲ್ಲೂ ನಿಲ್ಸೋಣ."

ಜಗುಲಿಯವರು ತಲೆಯಾಡಿಸಿದರು. ದೊಡ್ಡ ಮನಸ್ಸು ಎಂದು ಯಾರೋ ಹೇಳಿದರು.

"ಹೊರೂದಿಲ್ಲ" ಎಂದಳು ದಿವ್ಯಾ. "ಕಲ್ಲೂ ಬ್ಯಾಡ."